ಏನು ಬಿಟ್ಟರು ಅಂತ ಮೊದಲು ಹೇಳಿ

ನಮಸ್ಕಾರ,

ನೀವು ಕಳಿಸಿದ ‘ಕಂಪ್ಯೂಟರಿನಲ್ಲಿ ಅಮೂರ್ತ ರಚನೆಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಈ ವಿಷಯ ನನಗೆ ತುಂಬಾ ಇಷ್ಟ, ನಿಮಗೂ ಇಷ್ಟ ಅಂತ ಓದುವಾಗಲೇ ಗೊತ್ತಾಗುತ್ತದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲ ತೊಂದರೆ ‘ಅಮೂರ್ತ’ ಅನ್ನುವ ಪದದ್ದು. ಮೊದಲ ಪುಟದಲ್ಲೇ ಹನ್ನೊಂದು ಸಲ ಬಂದಿದೆ, ಒಂದು ಸಲವೂ ಬಿಡಿಸಿ ಹೇಳಿಲ್ಲ. ಅಮೂರ್ತ ಅಂದರೆ ಆಕಾರ ಇಲ್ಲದ್ದು, ಕೈಗೆ ಸಿಗದ್ದು ಅಂತ ಓದುವವರು ಅಂದುಕೊಳ್ಳುತ್ತಾರೆ. ಆದರೆ ಸಿಂಟ್ಯಾಕ್ಸ್ ಟ್ರೀಗೆ, ಅಂದರೆ ಕೋಡಿನ ರಚನೆಯನ್ನು ಕವಲು ಕವಲಾಗಿ ತೋರಿಸುವ ಮರಕ್ಕೆ, ಆಕಾರ ಇದೆ, ಅಲ್ವಾ? ಅದರಲ್ಲಿ ಮುಖ್ಯವಾದದ್ದೇ ಆಕಾರ. ಇಲ್ಲಿ ಅಮೂರ್ತ ಅಂದರೆ ಸದ್ಯದ ಕೆಲಸಕ್ಕೆ ಬೇಡದ್ದನ್ನು ಬಿಟ್ಟು, ಬೇಕಾದ್ದನ್ನು ಮಾತ್ರ ಉಳಿಸಿಕೊಂಡದ್ದು. ಏನು ಬಿಟ್ಟರು, ಯಾಕೆ ಬಿಟ್ಟರು ಅನ್ನುವುದು ನಿಮ್ಮ ಎಂಟು ಪುಟಗಳಲ್ಲಿ ಎಲ್ಲೂ ಇಲ್ಲ.

ಮೂರನೇ ಪುಟದ (2 + 3) * 4 ಉದಾಹರಣೆ ಚೆನ್ನಾಗಿದೆ, ಚಿತ್ರ ಮಾತ್ರ ತಪ್ಪು. ಕಂಸಗಳಿಗೂ ಒಂದೊಂದು ನೋಡ್ (ಮರದ ಗಂಟು) ಬರೆದಿದ್ದೀರಿ. ಅದು ಪಾರ್ಸ್ ಟ್ರೀ ಆಯಿತು, ಅಂದರೆ ಬರೆದ ಚಿಹ್ನೆಗಳನ್ನೆಲ್ಲ ಉಳಿಸಿಕೊಂಡ ಮರ. ಅಬ್‌ಸ್ಟ್ರಾಕ್ಟ್ ಸಿಂಟ್ಯಾಕ್ಸ್ ಟ್ರೀಯಲ್ಲಿ (ಅಮೂರ್ತ ಮರದಲ್ಲಿ) ಎಲ್ಲಕ್ಕಿಂತ ಮೇಲೆ ಗುಣಿಸುವ ಚಿಹ್ನೆ, ಅದರ ಎಡಕ್ಕೆ ಕೂಡುವ ಚಿಹ್ನೆ, ಬಲಕ್ಕೆ 4. ಕೂಡುವ ಚಿಹ್ನೆಯ ಕೆಳಗೆ 2 ಮತ್ತು 3. ಅಷ್ಟೇ. ಕಂಸ ಎಲ್ಲಿ ಹೋಯಿತು? ಮೊದಲು ಕೂಡಬೇಕು ಅಂತ ಹೇಳುವುದಕ್ಕೆ ಅದು ಬೇಕಿತ್ತು, ಈಗ ಆ ಮಾತನ್ನು ಮರದ ಆಕಾರವೇ ಹೇಳುತ್ತಿದೆ. ಪಕ್ಕದಲ್ಲೇ ಕಂಸ ಇಲ್ಲದ 2 + 3 * 4 ಮರವನ್ನೂ ಬರೆಯಿರಿ. ಕೂಡುವ ಚಿಹ್ನೆ ಮೇಲೆ ಹೋಗುತ್ತದೆ, ಗುಣಿಸುವ ಚಿಹ್ನೆ ಕೆಳಗೆ ಬರುತ್ತದೆ, ಉತ್ತರ 20 ಇದ್ದದ್ದು 14 ಆಗುತ್ತದೆ. ಈ ಎರಡು ಚಿತ್ರಗಳನ್ನು ನೋಡಿದವರಿಗೆ ನಿಮ್ಮ ಮೊದಲ ಎರಡು ಪುಟಗಳ ವ್ಯಾಖ್ಯಾನ ಬೇಕಾಗುವುದೇ ಇಲ್ಲ.

ಬಿಡುವುದು ಕೆಲಸದ ಮೇಲೆ ನಿಂತಿದೆ ಅನ್ನುವುದೂ ಬರಲಿ. ಕೋಡನ್ನು ಯಂತ್ರಕ್ಕೆ ಅರ್ಥವಾಗುವ ಹಾಗೆ ಬದಲಾಯಿಸುವ ಕಂಪೈಲರಿಗೆ ಕಾಮೆಂಟ್ (ಓದುವವರಿಗಾಗಿ ಬರೆದ ಟಿಪ್ಪಣಿ) ಬೇಡ, ಆದರೆ ಕೋಡ್ ನೀಟಾಗಿ ಜೋಡಿಸಿಕೊಡುವ ಫಾರ್ಮ್ಯಾಟರ್ ಅದನ್ನು ಬಿಟ್ಟರೆ ನಾವು ಬರೆದ ಕಾಮೆಂಟೆಲ್ಲ ಮಾಯವಾಗುತ್ತದೆ.

ಲಿಸ್ಪ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದ ಜಾನ್ ಮೆಕಾರ್ಥಿಯವರ ಜೀವನಚರಿತ್ರೆ ಒಂದೂವರೆ ಪುಟ ಇದೆ. ತೆಗೆಯಿರಿ. ಅವರ ಬಗ್ಗೆ ಹೇಳಲೇಬೇಕಾದ ಒಂದು ಸಂಗತಿಯನ್ನು ನೀವು ಬಿಟ್ಟಿದ್ದೀರಿ. 1960ರ ಲಿಸ್ಪ್ ಪ್ರಬಂಧದಲ್ಲಿ ಅವರು ಎರಡು ಬರವಣಿಗೆ ಇಟ್ಟಿದ್ದರು, ಮನುಷ್ಯರು ಪ್ರೋಗ್ರಾಮ್ ಬರೆಯುವುದಕ್ಕೆ ಎಂ-ಎಕ್ಸ್‌ಪ್ರೆಶನ್, ಡೇಟಾಗೆ ಎಸ್-ಎಕ್ಸ್‌ಪ್ರೆಶನ್. ಬಳಸುವವರು ಎರಡನೆಯದನ್ನೇ ಹಿಡಿದುಕೊಂಡರು. ನಿಮ್ಮ ಉದಾಹರಣೆಯನ್ನೇ ಲಿಸ್ಪಿನಲ್ಲಿ (* (+ 2 3) 4) ಅಂತ ಬರೆಯುತ್ತಾರೆ. ಅದು ಮರವನ್ನೇ ಒಂದು ಸಾಲಿನಲ್ಲಿ ಬರೆದ ಹಾಗೆ! ಪ್ರೋಗ್ರಾಮ್ ಬೇರೆ, ಡೇಟಾ ಬೇರೆ ಅನ್ನುವ ಗೋಡೆ ಅಲ್ಲಿ ಬಿದ್ದುಹೋಗುತ್ತದೆ. ನಿಮ್ಮ ಲೇಖನದ ಎರಡು ಭಾಗಗಳನ್ನು, ಮರಗಳದ್ದನ್ನೂ ಡೇಟಾದ್ದನ್ನೂ, ಕೂಡಿಸುವ ಜಾಗ ಅದೇ.

ಎರಡನೇ ಭಾಗದಲ್ಲಿ ‘ಸ್ಟ್ಯಾಕ್ ಅಂದರೆ ಒಂದು ಬಗೆಯ ಅರೇ’ ಅಂತ ಬರೆದಿದ್ದೀರಿ. ಇದು ಲೇಖನದ ಬುಡಕ್ಕೇ ಪೆಟ್ಟು. 10, 20, 30 ಪುಶ್ ಮಾಡಿ (ಒಂದರ ಮೇಲೊಂದು ಇಟ್ಟು) ಒಂದು ಸಲ ಪಾಪ್ ಮಾಡಿದರೆ (ಮೇಲಿನದನ್ನು ತೆಗೆದರೆ) 30 ಬರಬೇಕು, ಸ್ಟ್ಯಾಕ್ ನಮಗೆ ಕೊಡುವ ಮಾತು ಅಷ್ಟೇ. ಒಳಗೆ ಅರೇ (ಪಕ್ಕಪಕ್ಕ ಜೋಡಿಸಿದ ಖಾನೆಗಳ ಸಾಲು) ಇದೆಯೋ ಲಿಂಕ್ಡ್ ಲಿಸ್ಟ್ (ಒಂದರಿಂದ ಮುಂದಿನದಕ್ಕೆ ಕೊಂಡಿ ಹಾಕಿದ ಪಟ್ಟಿ) ಇದೆಯೋ ಅನ್ನುವುದನ್ನೇ ಇಲ್ಲಿ ಬಿಟ್ಟಿರುವುದು. 1974ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಬಾರ್ಬರಾ ಲಿಸ್ಕೋವ್ ಮತ್ತು ಸ್ಟೀಫನ್ ಝಿಲ್ಲೆಸ್ ಅಬ್‌ಸ್ಟ್ರಾಕ್ಟ್ ಡೇಟಾ ಟೈಪ್ ಬಗ್ಗೆ ಬರೆದ ಪ್ರಬಂಧದ ತಿರುಳೂ ಇದೇ: ಒಂದು ಟೈಪ್ ಏನು ಅನ್ನುವುದನ್ನು ಅದರ ಮೇಲೆ ಮಾಡಬಹುದಾದ ಕೆಲಸಗಳೇ ಹೇಳುತ್ತವೆ. ಒಳಗಿನ ಅರೇಯನ್ನು ನೇರವಾಗಿ ಮುಟ್ಟಿದ ಕೋಡ್, ನಾಳೆ ಅದನ್ನು ಲಿಸ್ಟಿಗೆ ಬದಲಾಯಿಸಿದ ದಿನ ಕೆಡುತ್ತದೆ. ಈ ಭಾಗಕ್ಕೆ ಒಂದು ಪುಟ ಸಾಕು.

ಇನ್ನೊಂದು. ಎಂಟನೇ ಪುಟದ ಕೊನೆಯಲ್ಲಿ ಒಂದೇ ಸಾಲು ಬರೆದು ಬಿಟ್ಟಿದ್ದೀರಿ, ನೀವೇ ಮೊದಲ ಸಲ ಪಾರ್ಸರ್ (ಬರೆದದ್ದನ್ನು ಓದಿ ಮರ ಕಟ್ಟುವ ಪ್ರೋಗ್ರಾಮ್) ಬರೆದಾಗ 10 - 4 - 3ಕ್ಕೆ 9 ಅಂತ ಉತ್ತರ ಬಂತು ಅಂತ. ಇಡೀ ಲೇಖನದಲ್ಲಿ ನಾನು ಪೆನ್ಸಿಲ್ ಹಿಡಿದು ಕೂತದ್ದು ಅಲ್ಲೊಂದೇ ಕಡೆ. ಮರ ಬಲಕ್ಕೆ ಬೆಳೆದಿತ್ತು, ಮೊದಲು 4 - 3 ಮಾಡಿತ್ತು, ಎಡಕ್ಕೆ ಬೆಳೆದಿದ್ದರೆ 3 ಬರುತ್ತಿತ್ತು. ಆ ದಿನ ಏನು ಮಾಡಿದಿರಿ, ತಪ್ಪು ಮರದಲ್ಲಿದೆ ಅಂತ ಹೇಗೆ ಗೊತ್ತಾಯಿತು, ಅದನ್ನೇ ಮೊದಲ ಪ್ಯಾರಾ ಮಾಡಿ. ನಾಲ್ಕು ಪುಟಕ್ಕೆ ಇಳಿಸಿ ಮತ್ತೆ ಕಳಿಸಿ. ಚಿತ್ರಗಳನ್ನು ಕೈಯಲ್ಲಿ ಬರೆದು ಕಳಿಸಿದರೂ ನಡೆಯುತ್ತದೆ.