ಕಾರಿನಲ್ಲಿ ಹಾಲು ಚೆಲ್ಲಿ ಎರಡು ವಾರ ಆಯಿತು, ಏನು ಮಾಡಿದರೂ ವಾಸನೆ ಹೋಗುತ್ತಿಲ್ಲ. ಏನು ಮಾಡಲಿ?

ಹಿಂದಿನ ಸೀಟಿನ ಮೇಲೆ ಎರಡು ಲೀಟರ್ ಹಾಲು ಚೆಲ್ಲಿತು, ಬಟ್ಟೆಯಲ್ಲಿ ಒರೆಸಿದೆ, ವಾಟರ್ ಸರ್ವೀಸ್ ಮಾಡಿಸಿದೆ, ಪರ್ಫ್ಯೂಮ್ ತೂಗುಹಾಕಿದೆ, ಆದರೂ ಬಿಸಿಲಲ್ಲಿ ನಿಲ್ಲಿಸಿ ಬಾಗಿಲು ತೆಗೆದರೆ ಒಳಗೆ ಕೂರೋಕೆ ಆಗಲ್ಲ ಅಂತ ಕೇಳಿದ್ದೀರಿ. ಮೊದಲು ಆ ಪರ್ಫ್ಯೂಮ್ ತೆಗೆದು ಹೊರಗಿಡಿ. ಅದು ಇರುವವರೆಗೆ ನಾತ ಎಲ್ಲಿಂದ ಬರುತ್ತಿದೆ ಅಂತ ಮೂಗಿಗೆ ತಿಳಿಯುವುದಿಲ್ಲ.

ನಾನು ಚಿಕ್ಕಮಗಳೂರಿನವನು. ಹೋದ ಮಳೆಗಾಲದಲ್ಲಿ ನಮ್ಮ ಕಾರಿನಲ್ಲೂ ಇದೇ ಆಯಿತು, ಅದೂ ಗಿಣ್ಣುಹಾಲು. ಅಕ್ಕನ ಮನೆ ಬೇಲೂರಿನ ಹತ್ತಿರ. ಅವರ ಹಸು ಕರು ಹಾಕಿತ್ತು. ಅಮ್ಮನಿಗೆ ಗಿಣ್ಣು ಅಂದರೆ ಪ್ರಾಣ, ಅದಕ್ಕೇ ಭಾವ ಒಂದು ಸ್ಟೀಲ್ ಕ್ಯಾನ್ ತುಂಬ ಕೊಟ್ಟು ಕಳಿಸಿದರು. ಹತ್ತಿರದ ದಾರಿ ಅಲ್ವಾ ಅಂತ ಸೀಟಿನ ಮೇಲೇ ಇಟ್ಟೆ. ಒಂದು ಹಂಪ್ ಹತ್ತಿ ಇಳಿಯುವಾಗ ಕ್ಯಾನ್ ಮಗುಚಿತು, ಮುಚ್ಚಳ ಕಿತ್ತುಕೊಂಡಿತು. ಮನೆಗೆ ಬಂದು ಚೆನ್ನಾಗಿ ಒರೆಸಿದೆ. ಸೀಟ್ ನೋಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗಿತ್ತು. ಮೂರನೇ ದಿನ ಬಾಗಿಲು ತೆಗೆದಾಗ ಹಳಸಲು ನಾತ ಮುಖಕ್ಕೆ ಬಡಿಯಿತು.

ವಾಟರ್ ಸರ್ವೀಸ್‌ಗೆ ಕೊಟ್ಟೆ. ಅವರು ನೊರೆ ಹಾಕಿ ಉಜ್ಜಿ, ನೀರು ಬಿಟ್ಟು, ಹಸಿಯಾಗಿಯೇ ವಾಪಸ್ ಕೊಟ್ಟರು. ಹೊರಗೆ ನಮ್ಮ ಊರಿನ ಜುಲೈ ಮಳೆ. ಒಂದು ವಾರದಲ್ಲಿ ಹುಳಿ ವಾಸನೆಯ ಜೊತೆ ಬೂಷ್ಟಿನ ವಾಸನೆಯೂ ಸೇರಿಕೊಂಡಿತು. ಅಮ್ಮನನ್ನು ಪ್ರತಿ ತಿಂಗಳು ಹಾಸನಕ್ಕೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು. ಆ ಸಲ ಅವರು ಕಿಟಕಿ ಇಳಿಸಿಕೊಂಡು, ಸೆರಗು ಮೂಗಿಗೆ ಹಿಡಿದು ಕೂತಿದ್ದರು. ಬೇಲೂರು ತಲುಪುವಷ್ಟರಲ್ಲಿ ಎರಡು ಸಲ ಗಾಡಿ ನಿಲ್ಲಿಸಬೇಕಾಯಿತು. ನನ್ನ ಮನಸ್ಸಿಗೆ ತುಂಬ ನೋವಾಯಿತು. ಮಾರನೇ ದಿನವೇ ಸೀಟ್ ಬಿಚ್ಚಿದೆ.

ನಿಮಗೂ ಹೇಳುವುದು ಅದನ್ನೇ. ಹಾಲು ಚೆಲ್ಲಿದ ಜಾಗ ಬೇರೆ, ಅದು ಹೋಗಿ ನಿಂತ ಜಾಗ ಬೇರೆ. ಸೀಟಿನ ಬಟ್ಟೆ ಅರ್ಧ ಕುಡಿಯುತ್ತದೆ. ಉಳಿದದ್ದು ಬೆಲ್ಟ್ ಸಿಗಿಸುವ ಸಂದಿಯಿಂದ ಕೆಳಗಿಳಿದು, ಕಾರ್ಪೆಟ್ ಅಡಿಗೆ ನುಗ್ಗಿ, ಎಲ್ಲಿ ತಗ್ಗಿದೆಯೋ ಅಲ್ಲಿ ಕೂರುತ್ತದೆ. ಸುಮಾರು ಸಣ್ಣ ಕಾರುಗಳಲ್ಲಿ ಹಿಂದಿನ ಸೀಟಿನ ಕೂರುವ ಭಾಗವನ್ನು ಒಂದೆರಡು ಬೋಲ್ಟ್ ಅಥವಾ ಕ್ಲಿಪ್ ಬಿಡಿಸಿದರೆ ಎತ್ತಬಹುದು. ನಿಮ್ಮ ಗಾಡಿಯ ಪುಸ್ತಕ ಒಮ್ಮೆ ನೋಡಿಕೊಳ್ಳಿ. ಮುಂದಿನ ಸೀಟ್ ಆದರೆ ನೀವೇ ಬಿಚ್ಚಬೇಡಿ. ಅದರ ಕೆಳಗೆ ಏರ್‌ಬ್ಯಾಗ್ ವೈರ್ ಇರಬಹುದು, ಮೆಕ್ಯಾನಿಕ್ ಕೈಯಲ್ಲೇ ಬಿಚ್ಚಿಸಿ.

ನಾನು ಸೀಟ್ ಎತ್ತಿ, ಕಾಲಿಡುವ ಜಾಗದ ಕಾರ್ಪೆಟ್ ಅಂಚು ಹಿಡಿದು ಮೇಲೆ ಮಾಡಿದೆ. ಅದರ ಅಡಿಯಲ್ಲಿ ಕಂಬಳಿಯ ಹಾಗೆ ದಪ್ಪ ಫೆಲ್ಟ್ ಇರುತ್ತದೆ. ಬೆರಳಿಂದ ಒತ್ತಿದರೆ ಹಳದಿ ನೀರು ಒಸರಿತು. ಒಡೆದ ಮೊಸರಿನ ನೀರು ಹೇಗಿರುತ್ತದೋ ಹಾಗೆ. ಕೆಳಗಿನ ತಗಡಿನ ಮೇಲೆ ಬಿಳಿ ಕೆನೆಯಂಥ ಪದರ, ಉಗುರಿನಲ್ಲಿ ಕೆರೆದರೆ ಅಂಟಂಟಾಗಿ ಬರುತ್ತಿತ್ತು. ಅಲ್ಲಿಯವರೆಗೆ ನಾನು ಉಜ್ಜಿದ್ದೆಲ್ಲ ಅದಕ್ಕಿಂತ ಮೇಲಿನ ಜಾಗವನ್ನು.

ಜಾಗ ಸಿಗದಿದ್ದರೆ ಹೀಗೆ ಮಾಡಿ. ಗಾಡಿಯನ್ನು ಕಿಟಕಿ ಮುಚ್ಚಿ ಒಂದು ಗಂಟೆ ಬಿಸಿಲಲ್ಲಿ ಬಿಡಿ. ಆಮೇಲೆ ಬಿಳಿ ಟಿಶ್ಯೂ ತೆಗೆದುಕೊಂಡು ಸೀಟ್, ಕಾರ್ಪೆಟ್, ಡಿಕ್ಕಿ ಒಂದೊಂದು ಕಡೆಯೂ ಅಂಗೈಯಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದು ಮೂಸಿ ನೋಡಿ. ಸೀಟ್ ಬೆಲ್ಟನ್ನೂ ಪೂರ್ತಿ ಎಳೆದು ಮೂಸಿ. ಜಾಸ್ತಿ ಜನ ಅದನ್ನು ಮರೆತೇಬಿಡುತ್ತಾರೆ.

ಇನ್ನು ತೊಳೆಯುವುದು. ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಬಿಸಿ ನೀರು ಬೇಡ, ಸ್ಟೀಮ್ ಅಂತೂ ಬೇಡವೇ ಬೇಡ. ಗಿಣ್ಣುಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ಏನಾಗುತ್ತದೆ? ಹಾಲಿನ ಪ್ರೋಟೀನ್ ಗಟ್ಟಿಯಾಗಿ ಗಿಣ್ಣಾಗುತ್ತದೆ. ಮಾಮೂಲಿ ಹಾಲಿನಲ್ಲಿ ಪ್ರೋಟೀನ್ 100ಕ್ಕೆ 3ರ ಆಸುಪಾಸು, ಮೊದಲ ಕರೆತದ ಗಿಣ್ಣುಹಾಲಿನಲ್ಲಿ 14ರಷ್ಟು. ನಿಮ್ಮದು ಮಾಮೂಲಿ ಹಾಲು, ಗಿಣ್ಣಿನಷ್ಟು ಹೆಪ್ಪುಗಟ್ಟಲಿಕ್ಕಿಲ್ಲ. ಆದರೂ ಬಿಸಿ ತಗುಲಿದರೆ ಅದರ ಪ್ರೋಟೀನ್ ಬಟ್ಟೆಯ ಎಳೆಗೆ ಕಚ್ಚಿಕೊಳ್ಳುತ್ತದೆ, ಮತ್ತೆ ಬಿಡಿಸುವುದು ಕಷ್ಟ. ತಣ್ಣೀರೇ ಸರಿ.

ಸೋಪ್ ನೀರು ಸಾಕಾಗಲ್ಲ ಯಾಕೆ ಅಂದರೆ, ಹಾಲು ಅಂದರೆ ಸಕ್ಕರೆ, ಕೊಬ್ಬು, ಪ್ರೋಟೀನ್ ಮೂರೂ ಸೇರಿದ್ದು. ಸಕ್ಕರೆಯನ್ನು ಬ್ಯಾಕ್ಟೀರಿಯಾ ತಿಂದು ಹುಳಿ ಮಾಡುತ್ತವೆ, ಮೊಸರು ಆಗುವುದು ಹಾಗೇ. ಕೊಬ್ಬು ಒಡೆದಾಗ ಬ್ಯುಟಿರಿಕ್ ಆಸಿಡ್ ಹೊರಗೆ ಬರುತ್ತದೆ. ಕೆಟ್ಟ ಬೆಣ್ಣೆಯ ಕಮಟು, ವಾಂತಿಯ ವಾಸನೆ, ಎರಡರಲ್ಲೂ ಇರುವುದು ಅದೇ. ಫೆಲ್ಟಿನಲ್ಲಿ ಹಾಲಿನ ಅಂಶ ಉಳಿದಿರುವವರೆಗೆ ಬ್ಯಾಕ್ಟೀರಿಯಾಗಳಿಗೆ ಊಟ ಸಿಗುತ್ತಲೇ ಇರುತ್ತದೆ. ಅದಕ್ಕೇ ಆ ಅಂಶವನ್ನೇ ಒಡೆದುಹಾಕುವ ಎಂಜೈಮ್ ಕ್ಲೀನರ್ ಬೇಕು. ನಾಯಿ, ಬೆಕ್ಕಿನ ಮೂತ್ರದ ಕಲೆಗೆ ಅಂತ ಪೆಟ್ ಅಂಗಡಿಗಳಲ್ಲಿ ಮತ್ತು ಆನ್‌ಲೈನ್‌ನಲ್ಲಿ ಸಿಗುತ್ತದೆ. ಬಾಟಲಿ ಮೇಲೆ ಎಂಜೈಮ್ ಅಂತ ಬರೆದಿದೆಯಾ ನೋಡಿ. ಪ್ರೋಟೀನ್ ಒಡೆಯುವ ಪ್ರೋಟಿಯೇಸ್, ಕೊಬ್ಬು ಒಡೆಯುವ ಲೈಪೇಸ್ ಎರಡೂ ಇದ್ದರೆ ಒಳ್ಳೆಯದು.

ಸುಮ್ನೆ ಸ್ಪ್ರೇ ಮಾಡಿ ಒರೆಸಿದರೆ ದುಡ್ಡು ದಂಡ. ಹಾಲು ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ಆಳಕ್ಕೆ ಇದೂ ಇಳಿಯಬೇಕು. ಚೆನ್ನಾಗಿ ನೆನೆಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಬಾಟಲಿ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ನಾನು ರಾತ್ರಿಯಿಡೀ ಬಿಟ್ಟೆ. ಅದು ಹಸಿಯಾಗಿರುವಾಗ ಮಾತ್ರ ಕೆಲಸ ಮಾಡುತ್ತದೆ. ಅದರ ಜೊತೆ ಬೇರೆ ಯಾವ ಫಿನಾಯಿಲ್, ಬ್ಲೀಚ್ ಸೇರಿಸಬೇಡಿ. ಆಮೇಲೆ ತಣ್ಣೀರು ಹಾಕಿ, ನೀರು ಎಳೆಯುವ ವ್ಯಾಕ್ಯೂಮ್‌ನಲ್ಲಿ ಎರಡು ಮೂರು ಸಲ ಎಳೆಸಿ. ಕೊನೆಗೆ ಒಂದು ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಕರಗಿಸಿ ಒಮ್ಮೆ ಒರೆಸಿ. ಉಳಿದ ಹುಳಿಯನ್ನು ಸೋಡಾ ಉಪ್ಪಾಗಿಸುತ್ತದೆ, ಆಮೇಲೆ ಅದು ಗಾಳಿಗೆ ಏಳುವುದಿಲ್ಲ.

ಫೆಲ್ಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಎರಡು ವಾರ ಹಾಲು ಕುಡಿದು ಕೂತ ಫೆಲ್ಟನ್ನು ತೊಳೆಯಲು ಹೋಗಬೇಡಿ, ಕತ್ತರಿಸಿ ಬಿಸಾಕಿ. ಕಾರಿನ ಕುಶನ್ ಕೆಲಸ ಮಾಡುವವರ ಹತ್ತಿರ ಅದೇ ಅಳತೆಗೆ ಹೊಸ ತುಂಡು ಹಾಕಿಸಬಹುದು. ನಾನು ಹಾಗೇ ಮಾಡಿದ್ದು, ಅರ್ಧ ವಾಸನೆ ಅವತ್ತೇ ಹೋಯಿತು.

ಒಣಗಿಸುವುದೇ ದೊಡ್ಡ ಕೆಲಸ. ಡಿಸೆಂಬರ್, ಜನವರಿಯಲ್ಲಿ ಆಗಿದ್ದರೆ ಕಾಫಿ ಕಣದಲ್ಲಿ ಹರವಿಬಿಡುತ್ತಿದ್ದೆ, ಎರಡೇ ದಿನ. ಮಳೆಗಾಲದಲ್ಲಿ ಸೀಟನ್ನು ಹಜಾರದಲ್ಲಿ ಗೋಡೆಗೆ ಒರಗಿಸಿ ನಾಲ್ಕು ದಿನ ಫ್ಯಾನ್ ಹಾಕಿಟ್ಟೆ. ನಮ್ಮ ಕಡೆ ಹಂಡೆ ಒಲೆ ಹತ್ತಿರ ಬಟ್ಟೆ ಒಣಗಿಸುತ್ತೇವಲ್ಲ, ಹಾಗೆ ಸೀಟ್ ಇಡಬೇಡಿ, ಫೋಮ್‌ಗೆ ಬೇಗ ಬೆಂಕಿ ಹತ್ತುತ್ತದೆ. ಗಾಡಿಯ ಒಳಭಾಗಕ್ಕೆ ಬಾಗಿಲು ತೆಗೆದಿಟ್ಟು ಟೇಬಲ್ ಫ್ಯಾನ್ ಇಡಿ. ಓಡಿಸುವಾಗ ಎಸಿ ಮತ್ತು ಹೀಟರ್ ಎರಡೂ ಒಟ್ಟಿಗೆ ಹಾಕಿ. ಎಸಿ ಗಾಳಿಯ ತೇವ ಎಳೆಯುತ್ತದೆ, ಹೀಟರ್ ಬಿಸಿ ಕೊಡುತ್ತದೆ. ಹಾಲಿನ ಅಂಶ ಪೂರ್ತಿ ಹೋದ ಮೇಲೆ ಮಾತ್ರ ಇದನ್ನು ಮಾಡಿ. ಎಸಿ ಫಿಲ್ಟರ್ ಇದ್ದರೆ ಅದನ್ನೂ ಬದಲಾಯಿಸಿ, ಇಲ್ಲವಾದರೆ ಹಳೇ ವಾಸನೆಯೇ ವೆಂಟ್‌ನಿಂದ ಮತ್ತೆ ಬರುತ್ತದೆ.

ಕಾಫಿ ಪುಡಿ ಬಟ್ಟಲಲ್ಲಿ ಇಡಿ ಅಂತ ನಮ್ಮೂರಲ್ಲಿ ಹತ್ತು ಜನ ಹೇಳಿದರು, ಇಟ್ಟೂ ನೋಡಿದೆ. ಕೆಟ್ಟ ಹಾಲಿನ ಮೇಲೆ ಕಾಫಿ ವಾಸನೆ ಬಂತು, ಅಷ್ಟೇ. ಇದ್ದಿಲು ಪರವಾಗಿಲ್ಲ, ಆದರೆ ಎಲ್ಲ ತೊಳೆದು ಒಣಗಿದ ಮೇಲೆ ಉಳಿದ ಚೂರುಪಾರು ವಾಸನೆಗೆ ಮಾತ್ರ. ಓಝೋನ್ ಮಾಡಿಸಿ, ಅಂದರೆ ಮೆಷಿನ್ ಇಟ್ಟು ಕಾರಿನೊಳಗೆ ಓಝೋನ್ ಅನ್ನುವ ಗಾಳಿ ತುಂಬಿಸಿ ವಾಸನೆ ತೆಗೆಸಿ ಅಂತಲೂ ಹೇಳುತ್ತಾರೆ. ಆ ಗಾಳಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಡುವಾಗ ಒಳಗೆ ಯಾರೂ ಇರಬಾರದು. ಕೆಳಗೆ ಹಾಲು ಹಾಗೇ ಇದ್ದರೆ ಅದರಿಂದಲೂ ಪ್ರಯೋಜನವಿಲ್ಲ.

ವಿನೆಗರ್ ಹಾಕಲಾ ಅಂತಲೂ ಕೇಳಿದ್ದೀರಿ. ಹಾಲಿಗೆ ಬೇಡ, ಹುಳಿ ಮೇಲೆ ಹುಳಿ ಹಾಕಿದ ಹಾಗೆ. ಅದು ಕೆಲಸಕ್ಕೆ ಬರುವುದು ಮೀನಿಗೆ. ಮಂಗಳೂರಿಂದ ಚಾರ್ಮಾಡಿ ಘಾಟಿ ಹತ್ತಿ ಬರುವಾಗ ಡಿಕ್ಕಿಯಲ್ಲಿ ಬಂಗುಡೆ ನೀರು ಸೋರಿದರೆ, ಆ ನಾತಕ್ಕೆ ಕಾರಣ ಟ್ರೈಮೀಥೈಲಮೀನ್ ಅನ್ನುವ ಕ್ಷಾರ ಗುಣದ ವಸ್ತು, ಅದನ್ನು ಹುಳಿ ಅಡಗಿಸುತ್ತದೆ. ಮೀನು ತೊಳೆಯುವಾಗ ಹುಣಸೆಹಣ್ಣು, ನಿಂಬೆ ಹಚ್ಚುವುದೂ ಅದಕ್ಕೇ. ಆದರೆ ವಿನೆಗರ್ ಮತ್ತು ಬ್ಲೀಚ್ ಎಂದೂ ಸೇರಿಸಬೇಡಿ, ವಿಷದ ಕ್ಲೋರಿನ್ ಗಾಳಿ ಏಳುತ್ತದೆ.

ನಮ್ಮ ಗಾಡಿಗೆ ಎಂಜೈಮ್ ಎರಡು ಸಲ ಹಾಕಬೇಕಾಯಿತು. ಮುಂದಿನ ತಿಂಗಳು ಹಾಸನಕ್ಕೆ ಹೋಗುವಾಗ ಅಮ್ಮ ಕಿಟಕಿ ಏರಿಸಿಕೊಂಡು ನಿದ್ದೆ ಮಾಡಿದರು. ನೀವು ಈ ಭಾನುವಾರ ಸೀಟ್ ಎತ್ತಿ ನೋಡಿ. ಫೆಲ್ಟ್ ಹಸಿ ಇದೆಯಾ, ಒಣಗಿದೆಯಾ, ಯಾವ ಗಾಡಿ ಅಂತ ಇಲ್ಲೇ ಕೆಳಗೆ ಬರೆಯಿರಿ, ಮುಂದಿನದು ಹೇಳುತ್ತೇನೆ.