ಬಂಗು ಬಂದ ಮುಖಕ್ಕೆ ಕಂಡ ಕಂಡ ಟ್ಯೂಬ್ ಬೇಡ

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ. ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ತೋಟ. ಕೊಯ್ಲಿನ ಕಾಲದಲ್ಲಿ ಬೇಯಿಸುವುದು, ಒಣಗಿಸುವುದು ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಎರಡನೇ ಮಗುವಿನ ಬಸುರಿಯಲ್ಲಿ ಎರಡೂ ಕೆನ್ನೆ ಮತ್ತು ಮೇಲ್ದುಟಿಯ ಮೇಲೆ ಕಂದು ಕಲೆ ಬಂತು, ಹೋಗಲೇ ಇಲ್ಲ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಟ್ಯೂಬ್ ಹಚ್ಚಿದೆ. ಹದಿನೈದು ದಿನಕ್ಕೆ ಬೆಳ್ಳಗಾಯಿತು, ಬಿಟ್ಟರೆ ಮೊದಲಿಗಿಂತ ಕಪ್ಪು. ಹಾಗಾಗಿ ವರ್ಷದಿಂದ ಹಚ್ಚುತ್ತಲೇ ಇದ್ದೇನೆ. ಈಗ ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ, ಕೆನ್ನೆ ಮೇಲೆ ಕೂದಲು ಬರುತ್ತಿದೆ. ಅತ್ತೆ ಇದು ಪಿತ್ತ ಅಂತಾರೆ. ಮದುವೆ ಮನೆಗೆ ಹೋಗಲೂ ಮನಸ್ಸಿಲ್ಲ. ಯಾಕೆ ಹೀಗಾಯಿತು?

ಉತ್ತರ: ನೀವು ಬರೆದದ್ದು ನೋಡಿದರೆ ಇದು ಬಂಗು ಇರಬೇಕು. ಪಿತ್ತಕ್ಕೂ ಇದಕ್ಕೂ ಸಂಬಂಧವಿಲ್ಲ, ಅತ್ತೆಗೂ ಹೇಳಿ. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಬಸುರಿಯಲ್ಲಿ ಹಾರ್ಮೋನು ಏರಿದಾಗ ಕೆಲವರಿಗೆ ಅದು ಮುಖದಲ್ಲಿ ಜಾಸ್ತಿ ತಯಾರಾಗುತ್ತದೆ. ಮಕ್ಕಳಾಗದಿರಲು ತೆಗೆದುಕೊಳ್ಳುವ ಮಾತ್ರೆಯಿಂದಲೂ ಹೀಗೆ ಆಗಬಹುದು, ನೀವು ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿ. ಅಮ್ಮನಿಗೋ ಅಕ್ಕನಿಗೋ ಬಂಗು ಇದ್ದರೆ ನಿಮಗೂ ಬರುವ ಸಾಧ್ಯತೆ ಹೆಚ್ಚು.

ಆದರೆ ಬಂದದ್ದನ್ನು ಹೋಗಲು ಬಿಡದೆ ಹಿಡಿದಿಟ್ಟುಕೊಳ್ಳುವುದು ಬಿಸಿಲು. ಅಂಗಳದಲ್ಲಿ ಅಡಿಕೆ ಹರವಿ, ಮಗುಚಿ, ಸಂಜೆ ಬಾಚುವವರೆಗೂ ಮುಖಕ್ಕೆ ಬಿಸಿಲು ಹೊಡೆಯುತ್ತದೆ. ಒಳಗೆ ಬಂದರೆ ಅಡಿಕೆ ಬೇಯಿಸುವ ಒಲೆ. ಆ ಝಳವೂ ಬಂಗನ್ನು ಹೆಚ್ಚಿಸುತ್ತದೆ. ಮಳೆಗಾಲದಲ್ಲಿ ಮೋಡ ಕವಿದಿದ್ದರೂ ಚರ್ಮವನ್ನು ಕಪ್ಪು ಮಾಡುವ ಕಿರಣಗಳು ಬಹುಪಾಲು ಕೆಳಗೆ ಬರುತ್ತವೆ, ನಮ್ಮ ಕಡೆಯವರು ಇದನ್ನು ನಂಬುವುದೇ ಇಲ್ಲ. ಹಾಳೆಟೋಪಿ ತಲೆ ಕಾಯುತ್ತದೆ, ಕೆನ್ನೆಯನ್ನಲ್ಲ. ಅಗಲ ಅಂಚಿನ ಟೋಪಿ ಹಾಕಿಕೊಳ್ಳಿ.

ಇನ್ನು ಆ ಟ್ಯೂಬ್. ನನಗೆ ನಿಜವಾಗಿ ಸಂಕಟ ಆಗುವುದು ಇಲ್ಲೇ. ಬೇಗ ಬೆಳ್ಳಗಾಗುವುದು, ಬಿಟ್ಟರೆ ಕಪ್ಪಾಗುವುದು, ಉರಿ, ಕೂದಲು, ಇವೆಲ್ಲ ಸ್ಟಿರಾಯ್ಡ್ ಕ್ರೀಮಿನ ಗುರುತು. ಟ್ಯೂಬಿನ ಮೇಲೆ ಬೆಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಅಂತ ಇದೆಯಾ ನೋಡಿ. ಇವು ಔಷಧಿಗಳೇ, ಆದರೆ ಡಾಕ್ಟರ್ ಹೇಳಿದಷ್ಟು ದಿನಕ್ಕೆ ಮಾತ್ರ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆಂಪು ರಕ್ತನಾಳಗಳು ಕಾಣುತ್ತವೆ, ಮೊಡವೆ ಏಳುತ್ತವೆ. ವರ್ಷದಿಂದ ಹಚ್ಚಿದ್ದನ್ನು ದಿಢೀರನೆ ನಿಲ್ಲಿಸಿದರೆ ಮುಖ ಕೆಂಪಾಗಿ ಇನ್ನಷ್ಟು ಉರಿಯಬಹುದು, ಅದಕ್ಕೇ ಈ ವಾರವೇ ಚರ್ಮದ ಡಾಕ್ಟರ ಹತ್ತಿರ ಆ ಟ್ಯೂಬ್ ತೆಗೆದುಕೊಂಡು ಹೋಗಿ, ಹೇಗೆ ಬಿಡಬೇಕು ಅಂತ ಅವರೇ ಹೇಳಲಿ. ಅದರ ಬದಲು ಹೆಸರಿಲ್ಲದ ಬೆಳ್ಳಗಾಗುವ ಕ್ರೀಮಿಗೂ ಹೋಗಬೇಡಿ. ಕೆಲವದರಲ್ಲಿ ಪಾದರಸ ಇರುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಹಚ್ಚಿದವರಿಗೆ ಕಿಡ್ನಿ ತೊಂದರೆ ಬಂದದ್ದು ಸುದ್ದಿಯಾಗಿತ್ತು. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೂ ಸುಟ್ಟ ಹಾಗೆ ಕಪ್ಪಾಗುತ್ತದೆ.

ಡಾಕ್ಟರ್ ನೋಡಿಯೇ ತೀರಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ, ಮುಖದ ಕಪ್ಪೆಲ್ಲ ಬಂಗಲ್ಲ. ತಲೆಗೆ ಡೈ ಹಚ್ಚುವವರಿಗೆ ಅದು ಒಗ್ಗದೆ ಹಣೆ, ಕಿವಿಯ ಪಕ್ಕ ಕಪ್ಪಾಗಬಹುದು. ಕುಂಕುಮ, ಸೆಂಟು ಒಗ್ಗದೆಯೂ ಆಗುತ್ತದೆ. ಮೊಡವೆ ಚಿವುಟಿದ ಕಲೆ ಬೇರೆ. ಅಪರೂಪಕ್ಕೆ ಒಸಡೂ ಕಪ್ಪಾಗಿ, ಸುಸ್ತು, ತೂಕ ಇಳಿಯುವುದು ಇದ್ದರೆ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ತೊಂದರೆ ಇರಬಹುದು, ಅದನ್ನು ಸುಮ್ನೆ ಬಿಡುವ ಹಾಗಿಲ್ಲ.

ಸನ್‌ಸ್ಕ್ರೀನ್ ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30 ಅಥವಾ ಹೆಚ್ಚಿನದು ಇರಲಿ. ಎರಡು ಬೆರಳುದ್ದ ತೆಗೆದುಕೊಂಡು ಮುಖ, ಕುತ್ತಿಗೆಗೆ ಹಚ್ಚಿ. ಬಿಸಿಲಲ್ಲಿ ಇರುವಷ್ಟು ಹೊತ್ತು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ, ಬೆವರಿಗೆ ಹೋಗಿಬಿಡುತ್ತದಲ್ವಾ. ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಬಂಗಿಗೆ ಇನ್ನೂ ಒಳ್ಳೆಯದು. ಡಾಕ್ಟರ್ ಬಂಗಿಗೆ ಬರೆದುಕೊಡುವ ಹಚ್ಚುವ ಔಷಧಿ ಕೆಲಸ ಮಾಡಲು ಎರಡು ಮೂರು ತಿಂಗಳಾದರೂ ಬೇಕು. ಮಗು ಹಾಲು ಕುಡಿಯುತ್ತಿದ್ದರೆ ಅದನ್ನೂ ಹೇಳಿ. ತಿಳಿಯಾದ ಮೇಲೂ ಬಿಸಿಲಿಗೆ ಮುಖ ಒಡ್ಡಿದರೆ ಬಂಗು ಮರಳಿ ಬರುತ್ತದೆ. ಮದುವೆ ಮನೆಗೆ ಹೋಗಿ ಬನ್ನಿ, ಇದು ಅಂಟುವ ಕಾಯಿಲೆಯೂ ಅಲ್ಲ, ನಿಮ್ಮ ತಪ್ಪೂ ಅಲ್ಲ.

ಪ್ರಶ್ನೆ: ಸಾಗರದಿಂದ ಬರೆಯುತ್ತಿದ್ದೇನೆ. ಮಗನಿಗೆ 19. ಕುತ್ತಿಗೆ, ಕಂಕುಳು, ಈಗ ಹಣೆಯ ಪಕ್ಕವೂ ಕಪ್ಪಗೆ ದಪ್ಪವಾಗಿದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಉತ್ತರ: ತಿಕ್ಕಬೇಡಿ, ಅದು ಕೊಳೆಯಲ್ಲ. ಮಖಮಲ್ಲಿನ ಹಾಗೆ ದಪ್ಪ ಕಪ್ಪು ಬಂದರೆ ಹೆಚ್ಚಿನವರಲ್ಲಿ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಮಗನ ತೂಕ ಜಾಸ್ತಿ ಇದೆಯಾ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯಾ? ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ, ಜೊತೆಗೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ವರದಿ ಹಿಡಿದು ಫಿಸಿಷಿಯನ್ ಹತ್ತಿರ ಹೋಗಿ. ತೂಕ ಇಳಿದರೆ ಕಪ್ಪೂ ನಿಧಾನವಾಗಿ ತಿಳಿಯಾಗುತ್ತದೆ.