ಸೇಂಟ್ ಹೆಲೆನಾದಿಂದ ಅಸೆನ್ಶನ್‌ಗೆ ಹಾರಲು ಎಷ್ಟು ಹೊತ್ತು?

ಪ್ರಶ್ನೆ: ದಕ್ಷಿಣ ಅಟ್ಲಾಂಟಿಕ್‌ನ ಸೇಂಟ್ ಹೆಲೆನಾ ಮತ್ತು ಅಸೆನ್ಶನ್ ದ್ವೀಪಗಳ ವಿಮಾನ ನಿಲ್ದಾಣಗಳ ನಡುವಿನ ದೂರ ಒಂದು ಕಡೆ 702, ಇನ್ನೊಂದು ಕಡೆ 1,300 ಎಂದಿದೆ. ಯಾವುದು ಸರಿ? ಹಾರಾಟದ ಹೊತ್ತನ್ನು ನಾವೇ ಲೆಕ್ಕ ಹಾಕಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಎರಡೂ ಸರಿ. 702 ನಾಟಿಕಲ್ ಮೈಲಿ, 1,300 ಕಿಲೋಮೀಟರು. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ಬೆಂಗಳೂರು–ದೆಹಲಿ ವಿಮಾನದೂರದ ಮುಕ್ಕಾಲು ಪಾಲು ಅಷ್ಟೇ. ಆದರೆ ಕೆಳಗೆ ಉದ್ದಕ್ಕೂ ಸಮುದ್ರ.

ಕಾಗದದ ಮೇಲೆ ಹೀಗೆ ಮಾಡಿ. ಸೇಂಟ್ ಹೆಲೆನಾ ನಿಲ್ದಾಣ ಸುಮಾರು 15°57.5′ ದಕ್ಷಿಣ, 5°38.8′ ಪಶ್ಚಿಮ. ಅಸೆನ್ಶನ್ 7°58.2′ ದಕ್ಷಿಣ, 14°23.6′ ಪಶ್ಚಿಮ. ಒಂದು ಡಿಗ್ರಿಗೆ 60 ಮಿನಿಟು (′), ಅಕ್ಷಾಂಶದ ಒಂದು ಮಿನಿಟಿಗೆ ಸುಮಾರು ಒಂದು ನಾಟಿಕಲ್ ಮೈಲಿ. ಅಕ್ಷಾಂಶದ ವ್ಯತ್ಯಾಸ 479 ಮಿನಿಟು, ಅಂದರೆ 479 ನಾಟಿಕಲ್ ಮೈಲಿ. ರೇಖಾಂಶದ ವ್ಯತ್ಯಾಸ 525 ಮಿನಿಟು. ಧ್ರುವದತ್ತ ಹೋದಂತೆ ರೇಖಾಂಶಗಳು ಹತ್ತಿರವಾಗುವುದರಿಂದ ಅದನ್ನು ಸರಾಸರಿ ಅಕ್ಷಾಂಶ 12 ಡಿಗ್ರಿಯ ಕೊಸೈನ್ 0.978ರಿಂದ ಗುಣಿಸಿದರೆ 513. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಿರಿ: 702. ಸಾವಿರಾರು ಮೈಲಿಯ ದಾರಿಗೆ ಈ ಅಡ್ಡದಾರಿ ಸಾಲದು, ಗೋಳದ ಸೂತ್ರವೇ ಬೇಕು.

ಹೆಚ್ಚಿನವರು ಎಡವುವುದು ಎರಡು ಕಡೆ. 15°57′ ಅನ್ನು 15.57 ಎಂದು ಬರೆಯುವುದು ಒಂದು, ಅದು 15.95 ಆಗಬೇಕು. ಪೂರ್ವ-ಪಶ್ಚಿಮ ಅದಲುಬದಲಾಗುವುದು ಇನ್ನೊಂದು. ನಮೀಬಿಯಾದ ವಾಲ್ವಿಸ್ ಬೇ ಸೇಂಟ್ ಹೆಲೆನಾದಿಂದ ಸುಮಾರು 2,260 ಕಿ.ಮೀ. ಅದರ 14°39′ ಪೂರ್ವವನ್ನು ಪಶ್ಚಿಮವೆಂದು ತುಂಬಿದರೆ ಉತ್ತರ 1,225ರ ಹತ್ತಿರ ಬರುತ್ತದೆ. ನೋಡಲು ಸರಿಯಾಗಿಯೇ ಕಾಣುವುದರಿಂದ ತಪ್ಪು ಗೊತ್ತಾಗುವುದೇ ಇಲ್ಲ.

ಇನ್ನು ಹೊತ್ತು. ಎಂಬ್ರೇಯರ್ 190ರಂಥ ಜೆಟ್ ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿ.ಮೀ. ಹೋಗುತ್ತದೆ ಎನ್ನಿ. 1,300ಕ್ಕೆ 94 ನಿಮಿಷ. ಏರುವಾಗ, ಇಳಿಯುವಾಗ ವೇಗ ಕಡಿಮೆ. ನೆಲದ ಮೇಲಿನ ಓಡಾಟವೂ ಇದೆ. ಇವಕ್ಕೆ 20 ನಿಮಿಷ ಸೇರಿಸಿದರೆ ಹೆಚ್ಚುಕಡಿಮೆ ಎರಡು ಗಂಟೆ. ಗಂಟೆಗೆ 50 ಕಿ.ಮೀ. ಎದುರುಗಾಳಿಗೆ ಆ 94 ನೂರಾಗುತ್ತದೆ, ಅಷ್ಟೇ ಹಿಂಗಾಳಿಗೆ 89ಕ್ಕೆ ಇಳಿಯುತ್ತದೆ. ಎರಡೂ ದ್ವೀಪಗಳಲ್ಲಿ ಗ್ರೀನಿಚ್ ಸಮಯವೇ ಇರುವುದರಿಂದ ಗಡಿಯಾರದ ಗೊಂದಲವಿಲ್ಲ.

ಪ್ರಶ್ನೆ: ಹಾಗಾದರೆ ಜೋಹಾನ್ಸ್‌ಬರ್ಗ್–ಸೇಂಟ್ ಹೆಲೆನಾ ಪ್ರಯಾಣಕ್ಕೆ ಲೆಕ್ಕಕ್ಕಿಂತ ಅಷ್ಟೊಂದು ಹೆಚ್ಚು ಹೊತ್ತೇಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇಂಧನಕ್ಕಾಗಿ. ಸೇಂಟ್ ಹೆಲೆನಾದಲ್ಲಿ ಆಗ್ನೇಯ ಮಾರುತ ಬೆಟ್ಟಗಳಿಗೆ ಬಡಿದು ರನ್‌ವೇಯ ಉತ್ತರ ತುದಿಯಲ್ಲಿ ಸುಳಿಯುತ್ತದೆ. ಗಾಳಿಯ ವೇಗ, ದಿಕ್ಕು ಕ್ಷಣಾರ್ಧದಲ್ಲಿ ಬದಲಾಗುತ್ತವೆ. 2016ರಲ್ಲಿ ತೆರೆಯಬೇಕಿದ್ದ ನಿಲ್ದಾಣಕ್ಕೆ ನಿಯಮಿತ ವಿಮಾನಸೇವೆ 2017ರ ಅಕ್ಟೋಬರ್‌ವರೆಗೆ ಬಾರದಿದ್ದುದು ಇದೇ ಕಾರಣಕ್ಕೆ. ಇಳಿಯಲಾಗದಿದ್ದರೆ ಪಕ್ಕದಲ್ಲಿ ಬೇರೆ ನಿಲ್ದಾಣವಿಲ್ಲ, ಆಫ್ರಿಕಾಗೇ ಮರಳಬೇಕು. ಹಾಗಾಗಿ ಹೋಗುವಾಗ ನಮೀಬಿಯಾದಲ್ಲಿ ಇಳಿದು, ವಾಪಸಾತಿಗೂ ಸಾಲುವಷ್ಟು ಇಂಧನ ತುಂಬಿಸಿಕೊಳ್ಳುವ ಕ್ರಮ ಬಂತು. ತೂಕದ ಮಿತಿಯಿಂದಾಗಿ ಸೇವೆ ಶುರುವಾದಾಗ ಸುಮಾರು ನೂರು ಆಸನದ ಎಂಬ್ರೇಯರ್‌ನಲ್ಲಿ 76 ಜನರಿಗೆ ಮಾತ್ರ ಜಾಗವಿತ್ತು. ಇಂಥ ಊರಿಗೆ ಹೊರಡುವವರು ಮುಂದಿನ ವಿಮಾನವನ್ನು ಅದೇ ದಿನಕ್ಕೆ ಕಾಯ್ದಿರಿಸಬಾರದು.